ಅಕ್ಕನ ಮಂಡಿಗೆ ಸಿಕ್ಕ ತೆರಿಗೆ ವಿನಾಯಿತಿ

ಒಂದು ಸರ್ಕಾರ ತನ್ನ ಪ್ರಜೆಗಳ ಒಳ್ಳೆಯ ಬುದ್ಧಿಯನ್ನು ದುಡ್ಡು ಕೊಟ್ಟು ಕೊಳ್ಳಲು ಹೊರಟರೆ, ದುಡ್ಡು ನಿಂತ ದಿನ ಆ ಒಳ್ಳೆಯ ಬುದ್ಧಿಯೂ ನಿಂತುಹೋಗುತ್ತದೆ. ನಾಗಮಂಗಲದಲ್ಲಿ ಅರ್ಥಶಾಸ್ತ್ರದ ಮೇಷ್ಟ್ರಾಗಿದ್ದಾಗ ಒಂದು ಮಧ್ಯಾಹ್ನ ಈ ಗಂಭೀರ ಸತ್ಯವನ್ನು ನಾನು ಕನ್ನಡಕ ತೆಗೆದು, ಕಿಟಕಿಯಾಚೆಗೆ ದೃಷ್ಟಿ ನೆಟ್ಟು, ತರಗತಿಗೆ ಘೋಷಿಸಿದೆ. ಹಿಂದಿನ ಬೆಂಚಿನಿಂದ ಪ್ರಶ್ನೆ ಬಂತು: "ಸಾರ್, ಇದು ಐದು ಮಾರ್ಕ್ಸಿಗೋ, ಹತ್ತಕ್ಕೋ?" ಐದಕ್ಕೆ ಎಂದೆ. ಇಡೀ ತರಗತಿ ನೆಮ್ಮದಿಯ ಉಸಿರು ಬಿಟ್ಟಿತು.

ನಾಗಮಂಗಲದ ನಂತರ ಕೆ.ಆರ್. ಪೇಟೆ, ಕೊನೆಗೆ ಪಾಂಡವಪುರ. ಮೂರು ಊರಿನ ಸೀಮೆಸುಣ್ಣದ ಪುಡಿ ಕುಡಿದು ನಿವೃತ್ತನಾದೆ. ಮೂರು ಊರಲ್ಲೂ ತಪ್ಪದೆ ಹೇಳಿಕೊಟ್ಟ ಒಂದು ಪಾಠವಿತ್ತು: ಸರ್ಕಾರ ಬಿಟ್ಟುಕೊಟ್ಟ ತೆರಿಗೆಯೂ ಸರ್ಕಾರದ ಖರ್ಚೇ. ಆಸ್ಪತ್ರೆಗೆ ಎಕ್ಸ್‌ರೇ ಯಂತ್ರ ಕೊಡಿಸಿದರೆ ಅದು ಖರ್ಚೆಂದು ಎಲ್ಲರಿಗೂ ಕಾಣುತ್ತದೆ. ರಿಬ್ಬನ್ ಕತ್ತರಿಸುತ್ತಾರೆ, ತಲೆಗೆ ಪೇಟ ಇಡುತ್ತಾರೆ, ಫ್ಲೆಕ್ಸಿನಲ್ಲಿ ಕೈಮುಗಿದು ನಗುತ್ತಾರೆ. ಅದೇ ದುಡ್ಡನ್ನು ಸಂಬಳದವನೊಬ್ಬನಿಗೆ, "ನೀನು ಪಿಂಚಣಿಗೆ ಕಟ್ಟಿದೆ, ಆರೋಗ್ಯ ವಿಮೆ ಮಾಡಿಸಿದೆ, ಜಾಣ, ಇಷ್ಟು ತೆರಿಗೆ ಕಡಿಮೆ ಕೊಡು ಹೋಗು" ಎಂದು ಬಿಟ್ಟರೆ ಅದಕ್ಕೆ ಹಾರವೂ ಇಲ್ಲ, ಫ್ಲೆಕ್ಸೂ ಇಲ್ಲ. ಆದರೆ ಎಕ್ಸ್‌ರೇ ಯಂತ್ರ ಬರುವುದಿಲ್ಲ ಎಂಬುದಂತೂ ಅಷ್ಟೇ ಖಂಡಿತ. ವಿದ್ಯಾರ್ಥಿಗಳು ಇದನ್ನು ಬರೆದುಕೊಂಡರು, ಪರೀಕ್ಷೆಯಲ್ಲಿ ಮರಳಿ ಬರೆದರು, ಐದಕ್ಕೆ ನಾಲ್ಕು ತೆಗೆದುಕೊಂಡರು. ನಂಬಿದವರು ಯಾರೂ ಇದ್ದ ಹಾಗೆ ಕಾಣೆ.

ನಂಬದೇ ಇರಲು ಅವರಿಗೆ ಕಾರಣವಿತ್ತು. ಪಕ್ಕದ ಕೋಣೆಯಲ್ಲೇ ಅವರ ಮೇಷ್ಟ್ರುಗಳು ಕೂತಿರುತ್ತಿದ್ದರು. ಫೆಬ್ರುವರಿ ಬಂತೆಂದರೆ ಸ್ಟಾಫ್ ರೂಮಿನಲ್ಲಿ ಒಂದೇ ಕ್ರಿಯಾಪದ: ತೋರಿಸುವುದು. "ಏನು ತೋರಿಸ್ತೀರಿ ಈ ಸಲ?" ಒಬ್ಬರು ಮನೆ ಸಾಲ ತೋರಿಸುವರು, ಒಬ್ಬರು ಮಕ್ಕಳ ಫೀಸು, ಇನ್ನೊಬ್ಬರು ಎಂದೂ ಇರದ ಮನೆಯ ಬಾಡಿಗೆ. ತೋರಿಸದಿದ್ದರೆ ಆ ತಿಂಗಳ ಸಂಬಳವನ್ನು ತೆರಿಗೆಯೇ ತಿಂದುಬಿಡುತ್ತದೆಂಬ ಭಯ. ಕೆ.ಆರ್. ಪೇಟೆಯಲ್ಲಿ ನನ್ನ ಮಗ್ಗುಲಿಗೆ ಕೂರುತ್ತಿದ್ದ ಇತಿಹಾಸದ ಮೇಷ್ಟ್ರು ಆತುರಾತುರವಾಗಿ ಆರೋಗ್ಯ ವಿಮೆ ಮಾಡಿಸಿದರು. "ಯಾವ ಕಾಯಿಲೆಗೆ ಸಾರ್?" ಎಂದು ಕೇಳಿದೆ. "ಕಾಯಿಲೆಗಲ್ಲ ಮಾರಾಯ್ರೆ, ಸೆಕ್ಷನ್ನಿಗೆ" ಎಂದರು. ಎಲ್ಲರೂ ನಕ್ಕೆವು, ನಕ್ಕು ನಮ್ಮ ನಮ್ಮ ರಸೀದಿಗಳಿಗೆ ಪಿನ್ನು ಚುಚ್ಚಿದೆವು.

ಈಗ ಅಕ್ಕನ ವಿಷಯ.

ನನಗೆ ಒಬ್ಬಳೇ ಅಕ್ಕ. ಅವಳನ್ನು ಕ್ಯಾತನಹಳ್ಳಿಗೆ ಕೊಟ್ಟಿತ್ತು. ಭಾವ ತೀರಿಕೊಂಡ ಮೇಲೆ ಗಂಡುಮಕ್ಕಳಿಬ್ಬರೂ ಪಾಲು ಮಾಡಿಕೊಂಡರು. ಕಿರಿಯವನಿಗೆ ಮನೆ, ಕಬ್ಬಿನ ಗದ್ದೆ, ಹಸು. ಮೈಸೂರಿನಾಚೆ ಒಂದು ಫ್ಯಾಕ್ಟರಿಯ ಲೆಕ್ಕಪತ್ರ ವಿಭಾಗದಲ್ಲಿ ಕೆಲಸಕ್ಕಿದ್ದ ಹಿರಿಯವನು ತನ್ನ ಪಾಲಿನ ಬದಲಿಗೆ ಹಣ ತೆಗೆದುಕೊಂಡು ಶ್ರೀರಂಗಪಟ್ಟಣದ ಗಂಜಾಂನಲ್ಲಿ ಮನೆ ಕಟ್ಟಿಸಿದ. ಸೋದರಮಾವನೆಂಬ ಹುದ್ದೆಯ ಬಲದಿಂದ ನಾನೂ ಆ ಪಾಲಿನ ಜಗಲಿಯ ಮೇಲೆ ಕೂತಿದ್ದೆ. ತಾಯಿ ಇಬ್ಬರ ಮನೆಯಲ್ಲೂ ಸರದಿಯ ಮೇಲೆ ಇರತಕ್ಕದ್ದು ಎಂದು ತೀರ್ಮಾನವಾಯಿತು. ತಾಯಿ ಅದನ್ನು ಕೇಳಿಸಿಕೊಂಡು, "ಆಯ್ತು ಬುಡಿ" ಎಂದು ಹಸುವಿಗೆ ನೀರಿಡಲು ಎದ್ದು ಹೋದಳು. ಆಮೇಲೆ ಅವಳು ಕ್ಯಾತನಹಳ್ಳಿ ಬಿಟ್ಟು ಕದಲಿದ್ದು ಹಬ್ಬಕ್ಕೆ ಮಾತ್ರ. ಬೆಳಗ್ಗೆ ಹಾಲು ಕರೆದು ಡೈರಿಗೆ ಹಾಕಿ, ಅಲ್ಲಿ ಕ್ಯೂ ನಿಂತ ಹೆಂಗಸರಿಂದ ಊರಿನ ಸಮಾಚಾರ ಪೂರ್ತಿ ತುಂಬಿಕೊಂಡು ಬರದಿದ್ದರೆ ಅವಳಿಗೆ ದಿನ ಹುಟ್ಟುತ್ತಿರಲಿಲ್ಲ.

ಹಿರಿಯವನ ಸಂಬಳ ಏರುತ್ತ ಹೋಯಿತು, ತೆರಿಗೆಯೂ ಏರಿತು. ಅವನ ಆಫೀಸಿನಲ್ಲೂ ಫೆಬ್ರುವರಿ ಬರುತ್ತಿತ್ತಲ್ಲ. ಪಿಂಚಣಿ ಖಾತೆಗೆ ಹೆಚ್ಚುವರಿಯಾಗಿ ಕಟ್ಟಿದರೆ ಒಂದಿಷ್ಟು ರಿಯಾಯಿತಿ ಎಂದರು, ಕಟ್ಟಿದ. ವಯಸ್ಸಾದ ತಂದೆತಾಯಿಯ ಹೆಸರಲ್ಲಿ ಆರೋಗ್ಯ ವಿಮೆ ಮಾಡಿಸಿದರೆ ಇನ್ನೊಂದಿಷ್ಟು ಎಂದರು. ಆಗ ಅವನಿಗೆ ತಾಯಿ ನೆನಪಾದಳು. ಅವನು ಕೆಟ್ಟ ಮಗನಲ್ಲ, ಮೊದಲೇ ಹೇಳಿಬಿಡುತ್ತೇನೆ. ತಾಯಿಯ ನೆನಪು ಬರಲು ಸರ್ಕಾರ ಒಂದು ಸೆಕ್ಷನ್ ಮಾಡಬೇಕಾಯಿತು ಎಂಬುದು ಸರ್ಕಾರದ ಹಿರಿಮೆಯೋ ನಮ್ಮ ಕಾಲದ ಸಣ್ಣತನವೋ, ತೀರ್ಮಾನ ಮಾಡುವ ಯೋಗ್ಯತೆ ನನಗಿಲ್ಲ.

ಒಂದು ದಿನ ಕಾರು ತಂದು ಅವಳನ್ನು ಮೈಸೂರಿಗೆ ಕರೆದುಕೊಂಡು ಹೋದ. ಆಮೇಲೆ ನಾನು ಕ್ಯಾತನಹಳ್ಳಿಗೆ ಹೋದಾಗ ಅಕ್ಕ ಆ ಪ್ರವಾಸವನ್ನು ವರ್ಣಿಸಿದಳು.

"ರಕ್ತ ತಗಂಡ್ರು ಕಣ್ಲಾ, ಒಂದ್ ಸೀಸೆ. ಎದೆಗೆ ವೈರ್ ಅಂಟ್ಸಿ ಚೀಟಿ ತಗುದ್ರು. ಆಮ್ಯಾಕೆ ಮಸಾಲೆ ದೋಸೆ ಕೊಡುಸ್ದ."

"ಯಾತಕ್ಕಂತೆ ಅಕ್ಕ?"

"ನಾನೂ ಕೇಳ್ನಿಲ್ಲ, ಅವ್ನೂ ಏಳ್ನಿಲ್ಲ. ದೋಸೆ ಚೆಂದಾಗಿತ್ತು."

ಕೊಟ್ಟಿಗೆಯ ಕಡೆಯಿಂದ ಕಿರಿಯವನು ಕೂಗಿದ. "ಮಾವ, ನಮ್ಮವ್ವ ಈಗ ಅವ್ವ ಅಲ್ಲ. ಟ್ಯಾಕ್ಸಿನ್ ಎಯ್ಟಿ ಡಿ ಸೆಕ್ಷನ್ನು! ಅಣ್ಣ ಅವ್ಳನ್ನ ತೋರ್ಸಿ ಟ್ಯಾಕ್ಸ್ ಉಳ್ಸಕತಾನಂತೆ. ನಾನೂ ಎಂಗೂ ತೋರ್ಸಣ ಅಂದ್ರೆ ನಮ್ಗೆ ಟ್ಯಾಕ್ಸೇ ಇಲ್ವಲ್ಲ, ಯಾರ್ಗೆ ತೋರ್ಸನೆ?"

"ಡೈರಿ ಸೆಕ್ರೆಟ್ರಿಗೆ ತೋರ್ಸು. ದಿನಾ ನೋಡಿ ನೋಡಿ ಬ್ಯಾಸತ್ತೋಗವ್ನೆ" ಎಂದಳು ಅಕ್ಕ.

ತಮಾಷೆಯಾಗಿಯೇ ಆಡಿದ್ದರೂ ಅವನ ಮಾತಿನಲ್ಲಿ ನನ್ನ ಇಡೀ ಒಂದು ಸೆಮಿಸ್ಟರಿನ ಪಾಠವಿತ್ತು. ತಾಯಿ ಒಬ್ಬಳೇ. ದೊಡ್ಡ ಸಂಬಳದ ಮಗನ ಮೂಲಕ ನೋಡಿದರೆ ಅವಳ ಆರೋಗ್ಯಕ್ಕೆ ಸರ್ಕಾರ ತನ್ನ ಪಾಲು ಹಾಕುತ್ತದೆ, ಸಂಬಳ ದೊಡ್ಡದಾದಷ್ಟೂ ಪಾಲು ದೊಡ್ಡದು. ಕಬ್ಬು ಬೆಳೆಯುವ ಮಗನ ಮೂಲಕ ನೋಡಿದರೆ ಏನೂ ಇಲ್ಲ. ಅವನು ಆದಾಯ ತೆರಿಗೆ ಕಟ್ಟುವುದಿಲ್ಲವೆಂದು ಊರೆಲ್ಲ ಆಡಿಕೊಳ್ಳಬಹುದು. ಸೋಪಿಗೆ, ಟ್ರಾಕ್ಟರಿನ ಟೈರಿಗೆ, ಮೊಬೈಲಿನ ರೀಚಾರ್ಜಿಗೆ ಅವನು ಕಟ್ಟುವುದು ಎಲ್ಲಿಗೆ ಹೋಗುತ್ತದೆ? ಅಣ್ಣನಿಗೆ ಬಿಟ್ಟುಕೊಟ್ಟದ್ದರಿಂದ ಆದ ತೂತನ್ನು ಮುಚ್ಚುವುದರಲ್ಲಿ ಅದೂ ಒಂದು ಪಾಲು. ಆದರೆ ಇದನ್ನೆಲ್ಲ ಕೊಟ್ಟಿಗೆಯ ಮುಂದೆ ನಿಂತು ವಿವರಿಸುವಂತಿರಲಿಲ್ಲ. ಅವನು ಹಾಲು ಕರೆಯುತ್ತಿದ್ದ.

ಕಿರಿಯವನಿಗೆ ಏನೂ ಇಲ್ಲ ಎಂದದ್ದು ಅರ್ಧ ಸುಳ್ಳು. ಅವನ ಮನೆಯಲ್ಲಿ ಬಿಪಿಎಲ್ ಕಾರ್ಡಿತ್ತು. ಅಕ್ಕನ ಹೆಸರು ಅದರಲ್ಲಿತ್ತು. ಆ ಕಾರ್ಡು ತೋರಿಸಿದರೆ ದೊಡ್ಡ ಆಪರೇಷನ್ನೂ ಸರ್ಕಾರಿ ಆಸ್ಪತ್ರೆಯಲ್ಲಿ ಖರ್ಚಿಲ್ಲದೆ ಆಗುತ್ತದೆ. ಅಂದರೆ ಬಡವರಿಗೊಂದು ಬಾಗಿಲು, ತೆರಿಗೆ ಕಟ್ಟುವವರಿಗೊಂದು ಬಾಗಿಲು. ಅಕ್ಕನಿಗೆ ಎರಡೂ ತೆರೆದಿದ್ದವು. ಆ ಭಾಗ್ಯ ಹೆಚ್ಚು ಕಾಲ ಉಳಿಯಲಿಲ್ಲ.

ಹಿರಿಯವನ ಆಫೀಸಿನಲ್ಲಿ ಒಬ್ಬ ಸಹೋದ್ಯೋಗಿಯಿದ್ದ. ಪ್ರತಿ ಆಫೀಸಿನಲ್ಲೂ ಇರುತ್ತಾನೆ, ಕಾನೂನು ಓದದೆಯೇ ತಿಳಿದವನು. "ತಾಯಿ ನಿನ್ನ ತಮ್ಮನ ಕಾರ್ಡಲ್ಲಿದ್ರೆ ನೀನು ಹೇಗಯ್ಯಾ ತೋರಿಸ್ತೀಯ? ನಾಳೆ ಇಲಾಖೆಯವರು ಕೇಳಿದ್ರೆ?" ಎಂದ. ಹಿರಿಯವನಿಗೆ ಅದು ನ್ಯಾಯವಾಗಿ ಕಂಡಿತು. ನಮ್ಮ ಕಡೆ ಯಾರಿಗಾದರೂ ಹಾಗೆಯೇ ಕಾಣುತ್ತಿತ್ತು. ಪಾಲಾದ ಮನೆಗಳಲ್ಲಿ ತಾಯಿ ಯಾರವಳು ಎಂಬುದಕ್ಕೆ ರೇಷನ್ ಕಾರ್ಡೇ ಸಾಕ್ಷಿ. ಯಾರ ಕಾರ್ಡಿನಲ್ಲಿ ಹೆಸರಿದೆಯೋ ಅವರ ಮನೆಯಲ್ಲಿ ಅವಳ ತಟ್ಟೆ. ಪಂಚಾಯಿತಿ ಕೂತಾಗಲೂ ಮೊದಲು ಕೇಳುವುದು ಅದನ್ನೇ. ನಾವು ಒಪ್ಪುವ ಸಾಕ್ಷಿಯನ್ನೇ ದಿಲ್ಲಿಯವರೂ ಕೇಳುತ್ತಾರೆಂದು ಅವನು ಭಾವಿಸಿದ. ದಿಲ್ಲಿಯವರು ಅದನ್ನು ಕೇಳಿರಲೇ ಇಲ್ಲ. ಮಗ ತನ್ನ ದುಡ್ಡಿನಿಂದ, ನಗದಲ್ಲದೆ, ಪ್ರೀಮಿಯಂ ಕಟ್ಟಿದರೆ ಸಾಕು. ತಾಯಿ ಯಾವ ಊರಲ್ಲಿದ್ದಾಳೆ, ಯಾರ ತಟ್ಟೆಯಲ್ಲಿ ಉಣ್ಣುತ್ತಾಳೆ ಎಂಬುದು ಆ ಸೆಕ್ಷನ್ನಿಗೆ ಬೇಕಿಲ್ಲ.

ನನ್ನನ್ನು ಕೇಳಬಹುದಿತ್ತು. ಆದರೆ ತೆರಿಗೆಯ ಪಾಠ ಮಾಡಿದವನನ್ನು ತೆರಿಗೆಯ ಬಗ್ಗೆ ಕೇಳುವ ಪದ್ಧತಿ ನಮ್ಮ ಕುಟುಂಬದಲ್ಲಿಲ್ಲ. ನನ್ನನ್ನು ಕೇಳುವುದೇನಿದ್ದರೂ ಪಾಂಡವಪುರದಲ್ಲಿ ಮದುವೆಗೆ ಯಾವ ಛತ್ರ ಖಾಲಿಯಿದೆ ಎಂದು.

ಅಂತೂ ಕಿರಿಯವನ ಕಾರ್ಡಿನಿಂದ ಅಕ್ಕನ ಹೆಸರು ತೆಗೆಸಿ, ಹಿರಿಯವನ ಕಾರ್ಡಿಗೆ ಸೇರಿಸಿದರು. ಅದು ಬಡವರ ಕಾರ್ಡಲ್ಲ, ಆಗುವಂತೆಯೂ ಇರಲಿಲ್ಲ. ಕಿರಿಯವನು ತಕರಾರು ಮಾಡಲಿಲ್ಲ. ಒಬ್ಬರ ಅಕ್ಕಿ ಕಡಿಮೆಯಾಯಿತು, ಅಷ್ಟೇ. ಆಮೇಲೆ ಮನೆಯ ಯಜಮಾನಿಗೆ ತಿಂಗಳಿಗೆ ಎರಡು ಸಾವಿರ ಕೊಡುವ ಯೋಜನೆ ಬಂದಾಗ, ಅತ್ತೆಯ ಹೆಸರು ಕಾರ್ಡಿನಲ್ಲಿ ಇಲ್ಲವಾದ್ದರಿಂದ, ಅವನ ಹೆಂಡತಿಗೇ ಯಜಮಾನಿ ಪಟ್ಟವಾಯಿತು. ಎಲ್ಲರಿಗೂ ಸಮಾಧಾನ. ಅಕ್ಕ ಕಾಗದದ ಮೇಲೆ ಗಂಜಾಂನಲ್ಲಿದ್ದಳು, ಬೆಳಗ್ಗೆ ಕ್ಯಾತನಹಳ್ಳಿಯ ಡೈರಿಯಲ್ಲಿ ಕ್ಯೂ ನಿಂತಿರುತ್ತಿದ್ದಳು.

ಹೀಗೆ ಕೆಲವು ವರ್ಷ ಕಳೆದವು. ಅಷ್ಟೂ ವರ್ಷ ಹಿರಿಯವನು ಪ್ರೀಮಿಯಂ ಕಟ್ಟಿದ, ಸರ್ಕಾರ ಅದರಲ್ಲೊಂದು ಭಾಗವನ್ನು ತೆರಿಗೆಯಲ್ಲಿ ಬಿಟ್ಟುಕೊಟ್ಟಿತು, ಕಂಪನಿ ಪೂರ್ತಿ ತೆಗೆದುಕೊಂಡಿತು. ಈ ಇಡೀ ಏರ್ಪಾಡಿನಲ್ಲಿ ಅಕ್ಕನಿಗೆ ಬಂದದ್ದು ಒಂದು ಮಸಾಲೆ ದೋಸೆ. ತನ್ನ ಹೆಸರಲ್ಲಿ ಇಂಥದ್ದೊಂದು ಇದೆ, ಕಾಲು ನೋವೆಂದರೆ ದೊಡ್ಡ ಆಸ್ಪತ್ರೆಗೆ ಹೋಗಬಹುದು ಎಂದು ಅವಳಿಗೆ ಯಾರೂ ಹೇಳಲಿಲ್ಲ. ತಾಯಿಗೆ ಮಂಡಿ ನೋವಿದೆ ಎಂದು ಹಿರಿಯವನಿಗೂ ಯಾರೂ ಹೇಳಲಿಲ್ಲ. ಅವಳು ಎಕ್ಕದ ಎಲೆ ಬಿಸಿ ಮಾಡಿ ಕಟ್ಟಿಕೊಳ್ಳುತ್ತಿದ್ದಳು. ಯಾರಾದರೂ ಬಂದರೆ ಸೆರಗು ಎಳೆದುಕೊಳ್ಳುತ್ತಿದ್ದಳು.

ಆಮೇಲೆ ಆ ಬಜೆಟ್ಟು ಬಂತು. ಹನ್ನೆರಡು ಲಕ್ಷದವರೆಗೆ ಆದಾಯ ತೆರಿಗೆಯೇ ಇಲ್ಲ ಎಂದರು. ಷರತ್ತು ಒಂದೇ: ಹೊಸ ಪದ್ಧತಿಗೆ ಬನ್ನಿ, ಹಳೆಯ ವಿನಾಯಿತಿಗಳನ್ನು ಮರೆತುಬಿಡಿ. ಆ ಭಾನುವಾರ ಹಿರಿಯವನು ಮೈಸೂರುಪಾಕಿನ ಡಬ್ಬಿ ಹಿಡಿದು ಪಾಂಡವಪುರದ ನಮ್ಮ ಮನೆಗೆ ಬಂದ.

"ಮಾವ, ಇನ್ಮೇಲೆ ಏನೂ ತೋರಿಸೋ ಹಾಗೇ ಇಲ್ಲ! ನಾನು ಪೂರ್ತಿ ಫ್ರೀ."

ಮಗುವಿನಂತೆ ಸಂತೋಷಪಡುತ್ತಿದ್ದ. ನಾನೂ ಸಂತೋಷಪಟ್ಟೆ, ಮೈಸೂರುಪಾಕು ತಿಂದೆ. ಇದರಿಂದ ಖಜಾನೆಗೆ ಎಷ್ಟು ನಷ್ಟ, ಅದನ್ನು ಯಾರು ತುಂಬುತ್ತಾರೆ ಎಂದು ಒಂದು ಸಣ್ಣ ಉಪನ್ಯಾಸಕ್ಕೆ ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಅವನು ಎದ್ದು ಹೊರಟಿದ್ದ. ಮುಂದಿನ ತಿಂಗಳು ಪಾಲಿಸಿ ನವೀಕರಿಸಿ ಎಂದು ಅವನ ಫೋನಿಗೆ ಸಂದೇಶದ ಮೇಲೆ ಸಂದೇಶ ಬಂದಿತ್ತಂತೆ. ಅಳಿಸಿಹಾಕಿದ. ಪಿಂಚಣಿ ಖಾತೆಗೆ ಹೆಚ್ಚುವರಿಯಾಗಿ ಕಟ್ಟುವುದನ್ನೂ ನಿಲ್ಲಿಸಿದ. ಅವನೊಬ್ಬನೇ ಅಲ್ಲ, ಅವನ ಸಾಲಿನ ಟೇಬಲ್ಲುಗಳಲ್ಲಿ ಬಹಳ ಮಂದಿ ಹಾಗೆಯೇ ಮಾಡಿದರು. ಆ ಪಾಲಿಸಿಯಲ್ಲಿ ಒಂದು ಷರತ್ತಿತ್ತು, ಕೀಲು ಬದಲಾವಣೆಯ ಖರ್ಚು ಬೇಕಾದರೆ ಮೂರು ವರ್ಷ ಕಾಯಬೇಕೆಂದು. ಆ ಕಾಯುವಿಕೆ ಮುಗಿದು ಸ್ವಲ್ಪವೇ ದಿನವಾಗಿತ್ತು. ಇಷ್ಟು ವರ್ಷ ಕಟ್ಟಿದ್ದಕ್ಕೆ ಫಲ ಶುರುವಾಗುವ ಹೊತ್ತಿಗೆ ಕಟ್ಟುವುದನ್ನು ಬಿಟ್ಟ. ಷರತ್ತನ್ನು ಅವನು ಓದಿರಲಿಲ್ಲ. ಓದುವ ಅಗತ್ಯ ಅವನಿಗೆ ಯಾವಾಗಲೂ ಇರಲಿಲ್ಲ, ರಸೀದಿ ಸಾಕಾಗಿತ್ತು. ಅದೇ ವರ್ಷ ಆರೋಗ್ಯ ವಿಮೆಯ ಮೇಲಿನ ಜಿಎಸ್‌ಟಿಯನ್ನೂ ತೆಗೆದುಹಾಕಿ ಸರ್ಕಾರ ಇನ್ನೊಂದು ಉಪಕಾರ ಮಾಡಿತು. ಅಷ್ಟು ಹೊತ್ತಿಗೆ ಅಕ್ಕನ ಪಾಲಿಸಿ ಸತ್ತಿತ್ತು.

ದೀಪಾವಳಿ ಕಳೆದ ಮೇಲೆ ಅಕ್ಕ ಕೊಟ್ಟಿಗೆಯಲ್ಲಿ ಜಾರಿದಳು. ಮೂಳೆ ಮುರಿಯಲಿಲ್ಲ. ಆದರೆ ಏಳಲು ಆಗಲಿಲ್ಲ. ಕಿರಿಯವನು ಗೂಡ್ಸ್ ಆಟೋದಲ್ಲಿ ಹಾಸಿಗೆ ಹಾಸಿ ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋದ. ಸುದ್ದಿ ಸಿಕ್ಕಿ ನಾನೂ ಅಲ್ಲಿಗೆ ಹೋದೆ. ಮೂಳೆ ಡಾಕ್ಟರು ಹುಡುಗನಂಥವರು, ಮಾತು ಮೃದು. ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದರು.

"ಎರಡೂ ಮಂಡಿ ಸವೆದಿದೆ ಅಜ್ಜಿ. ಬಲಗಡೇದು ಬದಲಾಯಿಸಲೇಬೇಕು. ಇಲ್ಲದಿದ್ರೆ ಮನೆಯೊಳಗೇ ಓಡಾಡೋದೂ ಕಷ್ಟ ಆಗುತ್ತೆ."

"ಬದ್ಲಾಯ್ಸುದ್ರೆ ಡೈರಿಗೆ ಓಗ್ಬೋದಾ?"

"ಓಡಿಕೊಂಡೇ ಹೋಗಬಹುದು."

"ಓಡದ್ ಬ್ಯಾಡ ಸ್ವಾಮಿ, ಓಡುದ್ರೆ ಹಾಲ್ ಚೆಲ್ತದೆ. ನಡೆಯಂಗಾದ್ರೆ ಸಾಕು. ಮಾಡ್ಬುಡಿ."

ಅವಳು ಅಷ್ಟು ಬೇಗ ಒಪ್ಪುತ್ತಾಳೆಂದು ನಾವು ಎಣಿಸಿರಲಿಲ್ಲ. ನೋವು ಎಷ್ಟಿತ್ತೆಂದು ನನಗೆ ಆಗ ಅರ್ಥವಾಯಿತು. ಡಾಕ್ಟರು ನಕ್ಕು, ಬಿಪಿಎಲ್ ಕಾರ್ಡಿದ್ದರೆ ಮೈಸೂರಿನ ಸರ್ಕಾರಿ ಆಸ್ಪತ್ರೆಗೆ ಬರೆದುಕೊಡುತ್ತೇನೆ, ಖರ್ಚೇನೂ ಬರುವುದಿಲ್ಲ ಎಂದರು. ಕಿರಿಯವನು ಷರ್ಟಿನ ಜೇಬಿನಿಂದ ಕಾರ್ಡು ತೆಗೆದು ಹೆಮ್ಮೆಯಿಂದ ಕೊಟ್ಟ. ಕೌಂಟರಿನ ಹುಡುಗಿ ಕಂಪ್ಯೂಟರಿನಲ್ಲಿ ನೋಡಿ, "ಇದರಲ್ಲಿ ಅಜ್ಜಿ ಹೆಸರಿಲ್ವಲ್ಲ. ಅವರು ಶ್ರೀರಂಗಪಟ್ಟಣದ ಕಾರ್ಡಲ್ಲಿದ್ದಾರೆ. ಅದು ಎಪಿಎಲ್. ಸರ್ಕಾರ ಒಂದು ಭಾಗ ಕೊಡುತ್ತೆ, ಮಿಕ್ಕಿದ್ದು ನಿಮ್ಮದೇ" ಎಂದಳು.

ಕಿರಿಯವನು ಅಲ್ಲಿಂದಲೇ ಅಣ್ಣನಿಗೆ ಫೋನು ಮಾಡಿದ. "ಅಣ್ಣ, ಅವ್ವುನ್ ಹೆಸ್ರಲ್ಲಿ ಅದೇನೋ ಇನ್ಶೂರೆನ್ಸ್ ಮಾಡ್ಸಿದ್ದಲ್ಲ, ಆ ಕಾರ್ಡ್ ತಕ್ಕಬಾ." ಆ ಕಡೆಯಿಂದ ಬಂದ ಮಾತು ಕೇಳಿ ಅವನು ಫೋನನ್ನು ನನ್ನ ಕೈಗೆ ಕೊಟ್ಟು ಗೋಡೆಗೆ ಒರಗಿ ನಿಂತ.

ಹೆಸರನ್ನು ಮತ್ತೆ ತಮ್ಮನ ಕಾರ್ಡಿಗೆ ಸೇರಿಸಲು ಓಡಾಡಿದೆವು. ತೆಗೆಯುವುದಕ್ಕೆ ಯಾವಾಗಲೂ ಅವಕಾಶವಿರುತ್ತದೆ. ಸೇರಿಸುವುದಕ್ಕೆ ಮೇಲಿನಿಂದ ಬಿಡಬೇಕು, ಸದ್ಯಕ್ಕೆ ಬಿಟ್ಟಿಲ್ಲ, ಬಿಟ್ಟಾಗ ಬನ್ನಿ ಎಂದರು. ಕಿರಿಯವನ ಹೆಂಡತಿಗೂ ಒಳಗೊಳಗೇ ಅಳುಕಿತ್ತು. "ಅತ್ತೆ ವಾಪಸ್ ಬಂದ್ರೆ ಯಜಮಾನಿ ಅವ್ರೇ ಆಯ್ತಾರಂತೆ, ನನ್ ಎಲ್ಡ್ ಸಾವ್ರ ಅಲ್ಲೇ ಸಿಗಾಕತದಂತೆ, ನಿಜ್ವಾ ಮಾವ?" ಎಂದು ನನ್ನನ್ನು ಅಡುಗೆಮನೆಯ ಬಾಗಿಲಲ್ಲಿ ಮೆಲ್ಲಗೆ ಕೇಳಿದಳು. ಗೊತ್ತಿಲ್ಲಮ್ಮ ಎಂದೆ. ನಿಜವಾಗಿಯೂ ಗೊತ್ತಿರಲಿಲ್ಲ.

ಮುಂದಿನ ಭಾನುವಾರ ಕ್ಯಾತನಹಳ್ಳಿಯ ಜಗಲಿಯ ಮೇಲೆ ಕೂತೆವು. ಅಕ್ಕ ಒಳಗೆ ನಡುಮನೆಯಲ್ಲಿ ಮಂಚದ ಮೇಲಿದ್ದಳು, ಬಾಗಿಲು ತೆರೆದಿತ್ತು. ಹಿರಿಯವನು ಮಾತು ಶುರುಮಾಡಿದ.

"ಅರ್ಧ ನಾನು ಹಾಕ್ತೀನಿ, ಅರ್ಧ ನೀನು ಹಾಕು. ಇಬ್ಬರಿಗೂ ತಾಯಿ ತಾನೇ."

"ಇಬ್ಬರಿಗೂ ತಾಯಿ ಅಂತ ಈಗ ಗೊತ್ತಾಯ್ತಾ? ಅವ್ಳನ್ನ ತೋರ್ಸಿ ಟ್ಯಾಕ್ಸ್ ಉಳ್ಸಕಂಡಾಗ ನಾನೇನ್ ಪಾಲ್ ಕೇಳಿದ್ನಾ? ಗದ್ದೆ ಪಾಲಾಯ್ತು, ಹಸ ಪಾಲಾಯ್ತು, ಹಿತ್ಲಲ್ಲಿ ತೆಂಗಿನ್ ಮರನೂ ಪಾಲಾಯ್ತು. ಅದ್ ಮಾತ್ರ ಯಾಕ್ ಪಾಲಾಗ್ನಿಲ್ಲ?"

"ನಾನು ಪ್ರೀಮಿಯಂ ಕಟ್ಟಿದ್ದು ಯಾರು ಕೊಟ್ಟ ದುಡ್ಡಲ್ಲಿ? ನೀನು ಕೊಟ್ಟಿದ್ಯಾ?"

"ಕಟ್ಟದ್ಯಲ್ಲಾ, ಈಗ ತಗುಸು ಅದರಲ್ಲಿ! ಅವ್ವನ್ ಹೆಸ್ರು ನಮ್ ಕಾರ್ಡಲ್ಲಿದ್ದಿದ್ರೆ ಈಸೊತ್ಗೆ ಆಪ್ರೇಸನ್ ಮುಗ್ದು ಎದ್ದು ಓಡಾಡ್ತಿದ್ಲು. ಕಿತ್ಕಂಡೋದೋನು ನೀನು."

"ಕಿತ್ಕೊಂಡು ಹೋದೆ ಅನ್ನಬೇಡ. ನಿನ್ನ ಸಹಿ ಇದೆ ಅದರಲ್ಲಿ."

ಇಬ್ಬರೂ ನನ್ನ ಕಡೆ ತಿರುಗಿದರು. ಏಳಿ ಮಾವ ಎಂದ ಕಿರಿಯವನು. ಹೇಳಿ ಮಾವ ಎಂದ ಹಿರಿಯವನು. ಉಳಿಸಿಕೊಂಡ ತೆರಿಗೆಯಲ್ಲಿ ಯಾರಿಗೆ ಎಷ್ಟು ಸೇರಬೇಕು ಎಂದು ಅರ್ಥಶಾಸ್ತ್ರದ ಮೇಷ್ಟ್ರು ತೀರ್ಪು ಕೊಡಬೇಕು. ನಾನು ಗಂಭೀರವಾಗಿ ತೋರುಬೆರಳೆತ್ತಿದೆ. ನೀವು ಇಬ್ಬರೂ ಜಗಳವಾಡುತ್ತಿರುವ ದುಡ್ಡು ನಿಮ್ಮಿಬ್ಬರದೂ ಅಲ್ಲ, ಅದು ಊರಿನದು, ಮೈಸೂರಿನಲ್ಲಿ ಇನ್ನೊಂದಿಷ್ಟು ಜನಕ್ಕೆ ಬೇಗ ಸರದಿ ಬರುವಂತೆ ಮಾಡಬಹುದಾಗಿದ್ದ ದುಡ್ಡು, ಅದನ್ನು ನಿನಗೆ ಕೊಟ್ಟದ್ದು ನೀನು ತಾಯಿಯನ್ನು ನೋಡಿಕೊಳ್ಳುತ್ತೀಯೆಂದು ನಂಬಿ, ಎಂದು ಶುರುಮಾಡಿದೆ. ಅಷ್ಟರಲ್ಲಿ ಕಬ್ಬು ತುಂಬಿದ ಟ್ರಾಕ್ಟರೊಂದು ಎರಡು ಟ್ರೇಲರ್ ಎಳೆದುಕೊಂಡು, ಬೀದಿ ನಡುಗುವಂತೆ ಹಾಡು ಹಾಕಿಕೊಂಡು ಮನೆಯ ಮುಂದೆ ಹಾದುಹೋಯಿತು. ಅದು ದಾಟುವವರೆಗೆ ನನ್ನ ಬೆರಳು ಗಾಳಿಯಲ್ಲೇ ಇತ್ತು. ದಾಟಿದ ಮೇಲೆ ಇಬ್ಬರೂ ನಾನು ಎಲ್ಲಿ ಬಿಟ್ಟೆನೆಂದು ಕೇಳದೆ ತಾವು ಬಿಟ್ಟಲ್ಲಿಂದ ಮುಂದುವರಿಸಿದರು.

ಒಳಗಿನಿಂದ ಅಕ್ಕನ ದನಿ ಬಂತು. "ಲೇ, ಇಬ್ರೂ ಕೇಳ್ರುಲಾ. ಬೀದೀಲಿ ಓಗೋರೆಲ್ಲ ನಿಂತ್ಕಂಡು ನನ್ ಮಂಡಿ ರೇಟ್ ಕೇಳಂಗಾಗದೆ. ಒಳಿಕ್ ಬಂದಾದ್ರೂ ಕಿತ್ತಾಡಿ."

ಯಾರೂ ಒಳಗೆ ಹೋಗಲಿಲ್ಲ. ಹಿರಿಯವನು ಕಾರು ಹತ್ತಿದ, ಕಿರಿಯವನು ಗದ್ದೆಗೆ ಹೋದ.

ಗಂಜಾಂಗೆ ನಾನೊಬ್ಬನೇ ಹೋದೆ. ಸಂಜೆ ಹಿರಿಯವನು ನನ್ನನ್ನು ಹೊಳೆಯ ಕಡೆ ಕರೆದುಕೊಂಡು ಹೋದ. ದೇವಸ್ಥಾನಕ್ಕೆ ಬಂದವರ ಕಾರುಗಳ ನಡುವೆ ದಾರಿ ಮಾಡಿಕೊಂಡು ಸೋಪಾನದ ಮೇಲೆ ಕೂತೆವು. ನೀರಿಗೆ ಕಾಲಿಟ್ಟು ಮಕ್ಕಳು ಕಿರುಚುತ್ತಿದ್ದವು. ಅವನು ಫೋನು ತೆಗೆದು ತನ್ನ ಪಿಂಚಣಿ ಖಾತೆಯನ್ನು ತೋರಿಸಿದ. ಒಳ್ಳೆಯ ಮೊತ್ತವೇ ಇತ್ತು.

"ಇದರಿಂದ ತೆಗೆಯೋಣ ಅಂತ ನೋಡಿದೆ ಮಾವ. ಅರವತ್ತು ಆಗೋವರೆಗೂ ಮುಟ್ಟೋ ಹಾಗಿಲ್ಲ. ಕೆಲವು ಕಾರಣಕ್ಕೆ ಸ್ವಲ್ಪ ಕೊಡ್ತಾರಂತೆ, ಮಂಡಿ ಆ ಪಟ್ಟೀಲಿಲ್ಲ ಅಂದ್ರು. ಮನೆ ಸಾಲ, ಮಗಳ ಕಾಲೇಜು ಎಲ್ಲ ಸೇರಿ ಕೈಯಲ್ಲಿ ಅರ್ಧಕ್ಕಿಂತ ಹೆಚ್ಚು ಇಲ್ಲ. ಅರ್ಧ ಇದೆ, ಆಣೆ ಮಾಡಿ ಹೇಳ್ತೀನಿ."

ಅವನ ಮುದಿತನಕ್ಕೆ ಸರ್ಕಾರ ಇಷ್ಟು ವರ್ಷ ಪಾಲು ಹಾಕಿ ಬೀಗ ಹಾಕಿ ಇಟ್ಟಿದೆ. ಅದು ಬರಲು ಇನ್ನೂ ಕಾಲವಿದೆ. ಅವನ ತಾಯಿಯ ಮುದಿತನ ಈಗಾಗಲೇ ಬಂದು ಮಂಚದ ಮೇಲೆ ಕೂತಿದೆ. ಒಂದರಿಂದ ಇನ್ನೊಂದಕ್ಕೆ ಒಂದು ರೂಪಾಯಿ ದಾಟಲು ದಾರಿಯಿಲ್ಲ.

"ಮಿಕ್ಕ ಅರ್ಧ ನಾನು ಕೊಡ್ತೀನಿ. ನಿನ್ನದೇ ಅಂತ ಹೇಳು" ಎಂದೆ. ನನ್ನ ಪಿಂಚಣಿ ಹಳೆಯ ಕಾಲದ್ದು, ಖಜಾನೆಯಿಂದಲೇ ಪ್ರತಿ ತಿಂಗಳು ಬರುತ್ತದೆ. ಅದೂ ಊರಿನ ದುಡ್ಡೇ. ಅವನು ತಲೆಯಾಡಿಸಿದ. "ಅವ್ವಂಗೆ ಗೊತ್ತಾಗದೆ ಇರುತ್ತಾ ಮಾವ? ಗೊತ್ತಾದ್ರೆ ನನ್ನ ಮುಖ ನೋಡಲ್ಲ."

ಅವನು ಹೇಳಿದ್ದು ಸರಿಯಾಗಿತ್ತು. ಕ್ಯಾತನಹಳ್ಳಿಗೆ ಹೋದಾಗ ನಾನು ಬಾಯಿ ತೆರೆಯುವ ಮೊದಲೇ ಅಕ್ಕನಿಗೆ ವಾಸನೆ ಹತ್ತಿತ್ತು.

"ಮೇಷ್ಟ್ರೆ, ದುಡ್ಡು ಗಿಡ್ಡು ಅಂತ ಬಂದಿದ್ರೆ ಅಂಗೇ ಎದ್ದು ಓಗು. ಗೌರಿ ಹಬ್ಬಕ್ಕೆ ನೀನ್ ಕೊಡೋ ಸೀರೆ ಉಡ್ತೀನಿ. ತವ್ರಿಂದ ಮಂಡಿ ತಗಳಕಿಲ್ಲ."

"ಅದ್ಯಾವ ಶಾಸ್ತ್ರ ಅಕ್ಕ?"

"ಎಲ್ಡ್ ಗಂಡುಮಕ್ಕಳು ಬದ್ಕಿರೋವಾಗ ತಮ್ಮನ್ ಕೈಲಿ ಕಾಲ್ ಹಾಕುಸ್ಕಂಡ್ಳು ಅಂತ ಡೈರೀಲಿ ಆಡ್ಕತಾರೆ. ನಂಗಲ್ಲ ಕಣ್ಲಾ, ಆ ಹೈಕ್ಳಿಗೆ ಅವಮಾನ. ಇಬ್ರೂ ಒಟ್ಗೆ ಬಂದು, ಬಾರವ್ವ ಓಗನ ಅಂದ್ರೆ ಓಯ್ತೀನಿ. ಒಬ್ಬುನ್ ದುಡ್ಡಲ್ಲಿ ಓದ್ರೆ ಇನ್ನೊಬ್ಬ ಸಾಯೋಗಂಟ ಎತ್ತಾಡ್ತಾನೆ. ಬೇಡ ಬುಡು."

"ನೋವು?"

"ಅದೇನ್ ಒಸದಾ?" ಎಂದು ಗೋಡೆಯ ಕಡೆ ಮಗ್ಗುಲಾದಳು.

ಕಾರ್ಖಾನೆಯಿಂದ ಕಬ್ಬಿನ ಹಣ ಬಂತು, ಕಿರಿಯವನ ಕೈಯಲ್ಲೂ ಅರ್ಧದಷ್ಟು ಇತ್ತೆಂದು ನನಗೆ ಗೊತ್ತು. ಅವನು ತಾನಾಗಿ ಗಂಜಾಂಗೆ ಹೋಗಲಿಲ್ಲ. ಹಿರಿಯವನು ತಾನಾಗಿ ಕ್ಯಾತನಹಳ್ಳಿಗೆ ಬರಲಿಲ್ಲ. ಇಬ್ಬರ ಬಳಿಯೂ ಅರ್ಧರ್ಧ ಇದ್ದು, ಕೂಡಿಸುವವರಿಲ್ಲದೆ ಅದು ಹಾಗೆಯೇ ಇತ್ತು. ನಾನು ಫೋನಿನಲ್ಲಿ ಇಬ್ಬರಿಗೂ ಹೇಳಿದೆ, ಬೈದೆ, ಕೊನೆಗೆ ಕೇಳಿಕೊಂಡೆ. ಸೋದರಮಾವನ ಮಾತಿಗೆ ಬೆಲೆಯಿದ್ದ ಕಾಲದಲ್ಲಿ ನಾನು ಸೋದರಳಿಯನಾಗಿದ್ದೆ.

ಹಿರಿಯವನು ಒಂದು ಕೆಲಸ ಮಾಡಿದ. ತಾಯಿಯ ಹೆಸರಲ್ಲಿ ಹೊಸ ಪಾಲಿಸಿ ತೆಗೆದುಕೊಂಡ. ಈ ಸಲ ಅದನ್ನು ಎಲ್ಲಿಯೂ ತೋರಿಸುವಂತಿರಲಿಲ್ಲ, ಒಂದು ರೂಪಾಯಿಯ ವಿನಾಯಿತಿಯೂ ಇರಲಿಲ್ಲ. ಹೇಳಿದೆನಲ್ಲ, ಕೆಟ್ಟ ಮಗನಲ್ಲ. ಷರತ್ತುಗಳನ್ನು ಈ ಸಲ ಪೂರ್ತಿ ಓದಿದನಂತೆ. ಮಂಡಿಗೆ ಮತ್ತೆ ಮೊದಲಿಂದ ಕಾಯಬೇಕು.

ಸುಗ್ಗಿ ಕಳೆದ ಮೇಲೆ ಅಕ್ಕನನ್ನು ಗಂಜಾಂಗೆ ಕರೆದುಕೊಂಡು ಹೋದರು. ಕ್ಯಾತನಹಳ್ಳಿಯ ಮನೆಗೆ ಬಚ್ಚಲು ಹೊರಗಿದೆ, ನಾಲ್ಕು ಮೆಟ್ಟಿಲಿವೆ, ಅವಳಿಂದ ಆಗುತ್ತಿರಲಿಲ್ಲ. ಗಂಜಾಂನಲ್ಲಿ ಬಚ್ಚಲು ಕೋಣೆಗೆ ಅಂಟಿಕೊಂಡಿದೆ. ವಾಕರ್ ಹಿಡಿದು ಅಲ್ಲಿಯವರೆಗೆ ಹೋಗಿ ಬರುತ್ತಾಳೆ. ಕಾರ್ಡಿಗೆ ಹೆಸರು ಸೇರಿಸುವ ಅವಕಾಶ ಇನ್ನೂ ಬಿಟ್ಟಿಲ್ಲ. ಆಪರೇಷನ್ ಆಗಿಲ್ಲ. ಕ್ಯಾತನಹಳ್ಳಿಯ ಕೊಟ್ಟಿಗೆಯ ಹಸುವನ್ನು ಪಾಲಹಳ್ಳಿಯವರೊಬ್ಬರು ಕೊಂಡುಕೊಂಡು ಹೋದರು.